ಕಾಣೆಯಾದ ಹದಿನಾರು ಪುಟ

"ತೊಂಬತ್ತಾರು ಆದ್ಮೇಲೆ ಸೀದಾ ನೂರಾ ಹದಿಮೂರು! ನಡುವಿನ ಪುಟಗಳು ಸಮುದ್ರಕ್ಕೆ ಬಿದ್ವಾ ಅಕ್ಕಾ?" ಲೈಬ್ರರಿ ಅಂಕಲ್ ಪುಸ್ತಕವನ್ನು ಬೈಂಡಿಂಗ್ ಮೇಜಿನ ಮೇಲಿಟ್ಟರು.

ಪುಟ ತಿರುವಿ ನೋಡಿದ ಅಮ್ಮನ ಮುಖ ಸಣ್ಣದಾಯಿತು. "ಇಷ್ಟು ವರ್ಷದಲ್ಲಿ ಒಂದು ಹಾಳೆ ಹೆಚ್ಚುಕಮ್ಮಿ ಆಗಿಲ್ಲ ಅಣ್ಣ. ನನ್ನ ಕಣ್ಣಿಗೇ ಏನೋ ಆಗಿರ್ಬೇಕು. ಸಾಯಂಕಾಲ ಬನ್ನಿ, ಹುಡುಕಿಡ್ತೀನಿ."

"ಇನ್ನೊಂದು ಪ್ರತಿ ಎಲ್ಲೂ ಸಿಗಲ್ಲ, ನೋಡಿ ಮತ್ತೆ," ಎನ್ನುತ್ತಾ ಅವರು ಹೊರಟರು.

ಮೂಲೆಯಲ್ಲಿದ್ದ ಪಿಟೀಲು ಸ್ಕೂಲ್ ಬ್ಯಾಗನ್ನು ಹತ್ತಿರಕ್ಕೆ ಎಳೆದುಕೊಂಡಳು. ಬಾಯಿ ತೆರೆದರೆ ಕುಯ್ಯುತ್ತಲೇ ಇರುತ್ತಾಳೆಂದು ಅಪ್ಪ ಮಗಳಿಗಿಟ್ಟ ಹೆಸರು ಅದು.

ರಿಪೇರಿಗೆ ಬಂದ ಪುಸ್ತಕದ ಹೊಲಿಗೆ ಬಿಚ್ಚಿದರೆ ಹದಿನಾರು ಹದಿನಾರು ಪುಟದ ಕಟ್ಟುಗಳು ಬಿಡಿಯಾಗುತ್ತವೆ. ಅವನ್ನು ಓದುವುದು ಪಿಟೀಲಿನ ಹಕ್ಕು, ಕ್ರಮವಾಗಿ ಜೋಡಿಸಿಕೊಡುವುದು ಅವಳ ಕೆಲಸ. ಅವಳು ಜೋಡಿಸಿದ್ದನ್ನು ಅಮ್ಮ ಮತ್ತೆ ಎಣಿಸುತ್ತಿರಲಿಲ್ಲ. ಬೆಟ್ಟ ಹತ್ತಿದವರು, ವಿಮಾನ ಹಾರಿಸಿದವರು, ಎಷ್ಟೊಂದು ಜನರ ಬದುಕನ್ನು ಅವಳು ಹೀಗೆಯೇ ಓದಿದ್ದಳು! ಅದರಲ್ಲೂ ಒಬ್ಬಳೇ ಹಾಯಿದೋಣಿಯಲ್ಲಿ ಸಮುದ್ರ ದಾಟಿದ ಈ ನಾವಿಕೆಯ ಆತ್ಮಕಥೆ... ಅಬ್ಬಾ! ಬಿರುಗಾಳಿಗೇ 'ಬಾರೋ, ನೋಡೇಬಿಡೋಣ' ಎಂದ ಗಟ್ಟಿಗಿತ್ತಿ!

ಏಳನೇ ಕಟ್ಟಿನಲ್ಲಿ ಅದೇ ಗಟ್ಟಿಗಿತ್ತಿ ದೋಣಿಯ ತಳದಲ್ಲಿ ಮುದುಡಿಕೊಂಡು ಎರಡು ದಿನ ಗೊಳೋ ಎಂದು ಅತ್ತಿದ್ದಳು. ಇದೇನಪ್ಪಾ, ಎಲ್‌ಕೆಜಿ ಮಗು ಥರ! ಓದಿದವರು ನಗುವುದಿಲ್ಲವೇ? ಪಿಟೀಲು ಮುಂದೆ ಓದದೆ, ಆ ಕಟ್ಟನ್ನು ಸದ್ದಿಲ್ಲದೆ ಸ್ಕೂಲ್ ಬ್ಯಾಗಿಗೆ ಸೇರಿಸಿದ್ದಳು.

ಅಮ್ಮ ರದ್ದಿ ಚೀಲವನ್ನು ನೆಲಕ್ಕೆ ಸುರಿದು, ಮಂಡಿಯೂರಿ ಒಂದೊಂದೇ ಚೂರು ಹೆಕ್ಕತೊಡಗಿದಳು. "ಹೀಗಾದ್ರೆ ಯಾರು ಕಣೇ ನನ್ನ ನಂಬಿ ಪುಸ್ತಕ ಕೊಡ್ತಾರೆ?"

"ಅಮ್ಮಾ... ನಿನ್ನ ಕಣ್ಣು ಸರಿಯಾಗೇ ಇದೆ." ಪಿಟೀಲು ಬ್ಯಾಗಿನಿಂದ ಕಟ್ಟನ್ನು ತೆಗೆದಳು. "ಅವಳು ಅಳ್ತಾಳಮ್ಮ. ಅದು ಇರೋದು ಬೇಡ ಅನ್ನಿಸ್ತು."

"ನೀನು ಜೋಡಿಸಿದ್ದು ಅಂತ ನಾನು ಎಣಿಸ್ಲೇ ಇಲ್ವಲ್ಲೇ," ಎಂದಳು ಅಮ್ಮ, ಮೆಲ್ಲಗೆ. ಎರಡು ಬೈದಿದ್ದರೇ ವಾಸಿಯಿತ್ತು.

ಅಮ್ಮ ರಟ್ಟು ಬಿಡಿಸಿ, ಹೊಲಿಗೆ ಕತ್ತರಿಸಿ, ದಬ್ಬಣಕ್ಕೆ ನೂಲು ಪೋಣಿಸಿದಳು. "ಓದು. ಅದೇನು ಬರೆದಿದಾಳೋ ನಾನೂ ಕೇಳ್ತೀನಿ."

ಪಿಟೀಲು ಓದಿದಳು. ಅಳುವ ಪುಟ ದಾಟಿತು. "'ಮೂರನೇ ದಿನವೂ ಭಯ ಹೋಗಲಿಲ್ಲ. ನಡುಗುವ ಕೈಯಲ್ಲೇ ಹಗ್ಗ ಬಿಗಿದೆ.'"

ಅಮ್ಮನ ದಬ್ಬಣ ನಿಂತಿತು. "ಪಾಪ! ಒಬ್ಬಳೇ ಇದ್ಲಾ?"

"ಹೂಂ. ಸುತ್ತ ಬರೀ ನೀರು."

ಹಾಗಾದರೆ ಅವಳು ಅತ್ತದ್ದನ್ನು ಯಾರೂ ನೋಡಿರಲಿಲ್ಲ. ಬರೆಯದಿದ್ದರೆ ಯಾರಿಗೂ ತಿಳಿಯುತ್ತಲೇ ಇರಲಿಲ್ಲ. ಪಿಟೀಲು ಆ ಸಾಲಿನ ಮೇಲೆ ಬೆರಳಿಟ್ಟು ಮತ್ತೊಮ್ಮೆ ಓದಿದಳು.

"ಅಂಕಲ್‌ಗೆ ನನ್ನ ಕೈತಪ್ಪು ಅಂತ್ಲೇ ಹೇಳ್ತೀನಿ ಬಿಡು," ಎಂದಳು ಅಮ್ಮ.

ಪಿಟೀಲಿನ ಎದೆ ಡವಡವ ಎನ್ನುತ್ತಿತ್ತು. ಹೊರಗೆ ಲೈಬ್ರರಿ ಅಂಕಲ್ ಸೈಕಲ್ಲಿನ ಸ್ಟ್ಯಾಂಡ್ ಹಾಕಿದ ಸದ್ದಾಯಿತು.

"ಬೇಡಮ್ಮ," ಎಂದು ಅವಳು ಎದ್ದು ಬಾಗಿಲಿಗೆ ಹೋದಳು. "ನಾನೇ ಹೇಳ್ತೀನಿ."