ವರನ ಫೋಟೊ ಕೆಳಗಿನ ರಮ್ಮಿ

ಆಷಾಢ ಮುಗಿದು ಶ್ರಾವಣ ಕಾಲಿಟ್ಟು ನಾಲ್ಕು ದಿನವಾಗಿತ್ತು. ಬೆಳಗಿನ ಜಿನುಗು ಮಳೆಗೆ ನೆನೆದ ಸೈಬರ್ ಅಪರಾಧ ಠಾಣೆಯ ಮೆಟ್ಟಿಲು ಇನ್ನೂ ಒಣಗಿರಲಿಲ್ಲ. ಹೆಡ್ ಕಾನ್‌ಸ್ಟೇಬಲ್ ಮುನಿರಾಮಪ್ಪ ಒಳಗೆ ಕೂತು ಹಳೆಯ ಕಡತಗಳಿಗೆ ದಬ್ಬಳದಲ್ಲಿ ದಾರ ಪೋಣಿಸುತ್ತಿದ್ದ. ಶ್ರೀನಿವಾಸಪುರದ ಕಡೆಯವನು, ಊರಲ್ಲಿ ಎರಡೆಕರೆ ಮಾವಿನ ತೋಪು. ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ಕನ್ನ ಹಾಕುವವರನ್ನೂ ಜೇಬು ಕತ್ತರಿಸುವವರನ್ನೂ ರಟ್ಟೆ ಹಿಡಿದು ತಂದವನಿಗೆ, ರಟ್ಟೆಯೇ ಕಾಣದ ಕಳ್ಳರ ಈ ಠಾಣೆ ಎಂಟು ತಿಂಗಳಾದರೂ ಒಗ್ಗಿರಲಿಲ್ಲ.

ಜುಲೈ 28, ಸೋಮವಾರ, ಬೆಳಿಗ್ಗೆ 10.20. ಆಟೋದಿಂದ ಅರವತ್ತೆಂಟರ ಹೆಂಗಸೊಬ್ಬರು ಇಳಿದರು. ಹಳೆ ಕಾಟನ್ ಸೀರೆಯಲ್ಲಿ ಸುತ್ತಿದ ಗಂಟೊಂದನ್ನು ಜ್ವರದ ಮಗುವನ್ನು ಎತ್ತಿಕೊಂಡ ಹಾಗೆ ಎದೆಗವಚಿಕೊಂಡಿದ್ದರು. ಮುನಿರಾಮಪ್ಪ ಎದ್ದು ಹೋಗಿ ಇಸಿದುಕೊಂಡ. ಒಳಗಿದ್ದದ್ದು ಕಂಪ್ಯೂಟರಿನ ಸಿಪಿಯು.

"ಏನು ಕಳೆದೋಯ್ತಮ್ಮ?"

"ಕಳೆದಿಲ್ಲಪ್ಪ. ಬೇಡದ್ದು ಬಂದು ಸೇರ್ಕೊಂಡಿದೆ."

ಅವರ ಹೆಸರು ಸರಸ್ವತಮ್ಮ. ಚಾಮರಾಜಪೇಟೆಯ ಐದನೇ ಮೇನ್‌ನಲ್ಲಿ, ಮನೆಯ ಮುಂದಿನ ಕೋಣೆಯಲ್ಲೇ ಇಪ್ಪತ್ತಾರು ವರ್ಷದಿಂದ ವಧೂವರರ ಮಾಹಿತಿ ಕೇಂದ್ರ ನಡೆಸುತ್ತಿದ್ದವರು. ಇನ್‌ಸ್ಪೆಕ್ಟರ್ ಮಹಾನಂದ ಸರಸ್ವತಮ್ಮನನ್ನು ಎದುರಿಗೆ ಕೂರಿಸಿಕೊಂಡರು. ವಿಜಯಪುರದ ಹೆಣ್ಣುಮಗಳು, ಮಾತು ಎಷ್ಟು ಬೇಕೋ ಅಷ್ಟೇ.

"ಯಾವಾಗಿನಿಂದ?"

"ಯುಗಾದಿ ಆಸುಪಾಸಿಂದ. ಬೇಡ ಬೇಡ ಅಂದ್ರೂ ಮೂಲೆಯಿಂದ ಜಾಹೀರಾತು ಎದ್ದು ಬರತ್ತೆ. ಮೊದಮೊದಲು ಸೀರೆ ಬರ್ತಿತ್ತು, ಸುಮ್ಮನಿದ್ದೆ. ಈಗ ರಮ್ಮಿ."

"ರಿಪೇರಿಯವರಿಗೆ ತೋರಿಸಿದ್ರೇನು?"

"ಎರಡು ಸಲ ತೆಗೆದ್ರು. ಮಾರನೇ ದಿನ ಮತ್ತೆ ಹಾಜರ್."

"ರೊಕ್ಕ ಹೋಗೇತೇನು?"

"ರೊಕ್ಕ ಹೋಗಿದ್ರೆ ನಾನು ಬರ್ತಿರ್ಲಿಲ್ಲ. ಒಂದು ಹುಡುಗಿ ಮದುವೆ ಹೋಗ್ತಿದೆ."

ಶನಿವಾರ ನಡೆದದ್ದನ್ನು ಸರಸ್ವತಮ್ಮ ಹೇಳಿದರು. ಕಬ್ಬಿಣದ ವ್ಯಾಪಾರಿ ಪುಟ್ಟಯ್ಯನವರು ಮಗಳು ಬಿಂದುವಿಗೆ ನೋಡಿದ್ದ ಗೌರೀಶನೆಂಬ ಕಾಲೇಜು ಮೇಷ್ಟರ ವಿವರ ಓದಲು ಮನೆಮಂದಿಯನ್ನೆಲ್ಲ ಕರೆತಂದಿದ್ದರು. ಪರದೆಯ ಮೇಲೆ ಹುಡುಗನ ಫೋಟೊ ತೆರೆದ ಮರುಗಳಿಗೆ ಅದರ ಕೆಳಗೇ ಮಿಂಚಿತು: 'ಇವರು ಈಗಷ್ಟೇ ರಮ್ಮಿಯಲ್ಲಿ 18,500 ರೂಪಾಯಿ ಗೆದ್ದರು. ನೀವು?' ಪುಟ್ಟಯ್ಯನವರ ಅಣ್ಣ ಊರಲ್ಲಿ ಇಸ್ಪೀಟಿಗೆ ಹೊಲ ಕಳೆದುಕೊಂಡವರು. ಪುಟ್ಟಯ್ಯ ಕಾಫಿ ಲೋಟ ಅಲ್ಲೇ ಬಿಟ್ಟು ಎದ್ದರು.

"ಜಾಹೀರಾತು ಕಣ್ರೀ ಅಂದೆ. 'ಫೋಟೊ ಕೆಳಗೇ ಬರೆದಿದೆಯಲ್ಲಮ್ಮ' ಅಂತಾರೆ. ಈ ಶುಕ್ರವಾರ ಸಂಜೆ ರಾಮನಗರದ ಇನ್ನೊಂದು ಗಂಡಿನ ಕಡೆಯವರು ತಾಂಬೂಲ ತಗೊಂಡು ಬರ್ತಾರಂತೆ. ಬಿಂದು ನಂಗೆ ಫೋನ್ ಮಾಡಿ ಅತ್ತಳು. ಅವಳಿಗೆ ಗೌರೀಶನೇ ಇಷ್ಟ."

11.15ಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ನೇ ಕಲಮಿನಡಿ ಎಫ್‌ಐಆರ್ ದಾಖಲಾಯಿತು. ಎದುರಿನ ಕಾಫಿ ಅಂಗಡಿಯ ಆಂಜಿನಯ್ಯನನ್ನೂ ಪಕ್ಕದ ಜೆರಾಕ್ಸಿನವನನ್ನೂ ಪಂಚರಾಗಿ ಕರೆದು ಸಿಪಿಯು ಜಪ್ತಿಯ ಪಂಚನಾಮೆ ಬರೆದದ್ದಾಯಿತು. ಸುತ್ತಿದ ಸೀರೆಯನ್ನೂ ಪಟ್ಟಿಗೆ ಸೇರಿಸಬೇಕೇ ಎಂದು ಮುನಿರಾಮಪ್ಪ ಕೇಳಿದ. "ಸೀರೆ ವಾಪಸ್ ಕೊಡ್ರಿ" ಎಂದರು ಇನ್‌ಸ್ಪೆಕ್ಟರು.

ಕಂಪ್ಯೂಟರ್ ಡಿಪ್ಲೊಮಾ ಮಾಡಿ ಪೊಲೀಸಿಗೆ ಸೇರಿದ ಕಾನ್‌ಸ್ಟೇಬಲ್ ಯಶಶ್ರೀ ಹಾರ್ಡ್ ಡಿಸ್ಕಿನ ಪಡಿಯಚ್ಚೊಂದನ್ನು ತೆಗೆದು, ಮೂಲವನ್ನು ಮೊಹರು ಮಾಡಿಟ್ಟು, ನಕಲಿನ ಮೇಲೆ ಕೆಲಸ ಶುರು ಮಾಡಿದಳು. ಬ್ರೌಸರಿಗೆ ಅಂಟಿಕೊಂಡಿದ್ದ, ಯಾರೂ ಕೇಳಿ ಹಾಕಿಸಿಕೊಳ್ಳದ ಒಂದು ಜೋಡಣೆ, ಎಕ್ಸ್‌ಟೆನ್ಶನ್, ಸಿಕ್ಕಿತು. ಕಿತ್ತುಹಾಕಿದಳು. ಮಾರನೇ ಬೆಳಿಗ್ಗೆ ಯಂತ್ರ ಚಾಲೂ ಮಾಡಿದರೆ ಅದು ಸ್ವಸ್ಥಾನದಲ್ಲಿ ಕೂತಿತ್ತು.

"ಅಂಕಲ್, ಇದು ಬರೀ ಎಲೆ. ಬೇರು ಬೇರೆ ಕಡೆ ಇದೆ" ಎಂದಳು.

"ನಮ್ಮ ಮಾವಿನ ಮರಕ್ಕೆ ಬದನಿಕೆ ಹತ್ತತ್ತೆ ನೋಡು, ಹಂಗೆ" ಎಂದ ಮುನಿರಾಮಪ್ಪ. "ಕೊಂಬೆ ರಸ ಕುಡಿದು ಬದುಕೋ ಗಿಡ ಅದು. ಮೇಲೆ ಮೇಲೆ ಸವರಿದ್ರೆ ಮತ್ತೆ ಚಿಗುರತ್ತೆ. ಯಾವ ಕೊಂಬೆಗೆ ಕಚ್ಕೊಂಡಿದೆ ಅಂತ ಹುಡುಕಿ ಅಲ್ಲೇ ಕೊಯ್ಬೇಕು."

"ಹಂಗಾದ್ರೆ ನೀವೇ ಕಾವಲಿಗೆ ಕೂತ್ಕೊಳ್ಳಿ. ಯಾವಾಗ್ಯಾವಾಗ ಬರತ್ತೆ ಅಂತ ಬರೀರಿ."

ಇದು ಅವನಿಗೆ ಗೊತ್ತಿದ್ದ ಕೆಲಸ. ತೋಪಿನಲ್ಲಿ ಕೋತಿ ಕಾದವನು. ಮಂಗಳವಾರ ನಾಗರಪಂಚಮಿ, ಹೆಂಡತಿ ಕಟ್ಟಿಕೊಟ್ಟ ತಂಬಿಟ್ಟಿನ ಡಬ್ಬಿ ಪಕ್ಕಕ್ಕಿಟ್ಟುಕೊಂಡು ನೋಟ್‌ಬುಕ್ ಬಿಡಿಸಿದ. 9.04, ರಮ್ಮಿ. 9.11, ಸಾಲ. 9.19, ಮಂಡಿನೋವಿನ ಎಣ್ಣೆ. ಹೀಗೆ ಏಳೆಂಟು ನಿಮಿಷಕ್ಕೊಂದು. ಮೂರು ಗಂಟೆಯಾದ ಮೇಲೆ ಒಂದೂ ಬರಲಿಲ್ಲ. ಕಾದ. ಎರಡು ತಂಬಿಟ್ಟು ಮುಗಿದವು.

"ಬಿಟ್ಟೋಯ್ತು ಕಣಮ್ಮ" ಎಂದು ಎದ್ದು ಸೊಂಟ ನೆಟ್ಟಗೆ ಮಾಡುವಷ್ಟರಲ್ಲಿ, 4.31ಕ್ಕೆ, ರಮ್ಮಿ.

ಬುಧವಾರ ಬೆಳಗಿನಿಂದಲೂ ಅದೇ ಕತೆ. ಹನ್ನೆರಡಕ್ಕೆ ಮತ್ತೆ ಪರದೆ ತಣ್ಣಗಾಯಿತು. ಇಪ್ಪತ್ತು ನಿಮಿಷ ಕಳೆದಿರಬೇಕು, ಹೆಂಡತಿಯ ಫೋನು ಬಂತು.

"ತೋಪಿನ ಮೋಟರು ತರೋಕೆ ನಮ್ಮಣ್ಣ ಹೊರಟವ್ನಂತೆ. ಒಂದೂವರೆ ಆಗ್ಲಿ ಅಂತ ಹೇಳಿ. ರಾಹುಕಾಲ."

"ಆಯ್ತು ಕಣೆ" ಎಂದವನು ಫೋನು ಕೆಳಗಿಡಲೂ ಮರೆತು ನೋಟ್‌ಬುಕ್ಕು ನೋಡಿದ. ಆಮೇಲೆ ಗೋಡೆಯ ಕ್ಯಾಲೆಂಡರು ನೋಡಿದ. ಮಂಗಳವಾರ ಮೂರರಿಂದ ನಾಲ್ಕೂವರೆ. ಬುಧವಾರ ಹನ್ನೆರಡರಿಂದ ಒಂದೂವರೆ. ಎದ್ದು ನೇರವಾಗಿ ಇನ್‌ಸ್ಪೆಕ್ಟರ ಕೋಣೆಗೆ ನಡೆದ.

"ಮೇಡಂ, ಇದು ರಾಹುಕಾಲ ನೋಡ್ಕೊಂಡು ಬರತ್ತೆ."

ಮಹಾನಂದ ತಲೆ ಎತ್ತಿದರು. "ಯಾವುದು?"

"ಜಾಹೀರಾತು. ರಾಹುಕಾಲದಲ್ಲಿ ಬಾಯಿ ಬಿಡಲ್ಲ."

"ಮುನಿರಾಮಪ್ಪ, ಇದನ್ನ ಡೈರಿಯೊಳಗ ಬರೆದ್ರ ಎಸಿಪಿ ಸಾಹೇಬ್ರು ನಗ್ತಾರ."

"ಬರೀ ಟೈಮ್ ಬರೀರಿ ಮೇಡಂ. ನಾಳೆ ಒಂದೂವರೆಯಿಂದ ಮೂರು. ನೀವೇ ಕೂತು ನೋಡಿ. ಪುಟ್ಟಯ್ಯನವರನ್ನೂ ಪಂಚರು ಅಂತ ಕರೆಸೋಣ, ಅವ್ರ ಕಣ್ಣಲ್ಲೇ ಕಾಣ್ಲಿ."

ಗುರುವಾರ ಮಧ್ಯಾಹ್ನ ಪುಟ್ಟಯ್ಯನವರು ಗಂಟುಮುಖ ಹಾಕಿಕೊಂಡೇ ಬಂದು ಆಂಜಿನಯ್ಯನ ಪಕ್ಕ ಕುರ್ಚಿ ಎಳೆದುಕೊಂಡರು. ಯಶಶ್ರೀ ಪರದೆಯ ಮೇಲೆ ಒಂದು ಫೋಟೊ ತೆರೆದಳು. ಸಮವಸ್ತ್ರದಲ್ಲಿದ್ದ ಇನ್‌ಸ್ಪೆಕ್ಟರ್ ಮಹಾನಂದ, ಪದಕ ಪಡೆದ ದಿನದ್ದು. 1.30ರವರೆಗೆ ಎಣ್ಣೆ, ಸಾಲ, ಚಿಟ್ ಫಂಡು ಬಂದು ಹೋದವು. ಆಮೇಲೆ ಒಂದೂವರೆ ಗಂಟೆ ಒಂದೂ ಬರಲಿಲ್ಲ, ಐದು ಜನ ಪರದೆ ನೋಡುತ್ತ ಕೂತರು. ಆಂಜಿನಯ್ಯನಿಗೆ ಜೋಂಪು ಹತ್ತಿತು. 3.02ಕ್ಕೆ ಫೋಟೊ ಕೆಳಗೆ ಮಿಂಚಿತು: 'ಇವರು ಈಗಷ್ಟೇ ರಮ್ಮಿಯಲ್ಲಿ 18,500 ರೂಪಾಯಿ ಗೆದ್ದರು. ನೀವು?'

ಪುಟ್ಟಯ್ಯ ಪರದೆಯನ್ನೂ ಇನ್‌ಸ್ಪೆಕ್ಟರರನ್ನೂ ಎರಡು ಸಲ ನೋಡಿದರು.

"ಹಂಗಾದ್ರೆ ಹುಡುಗ ಆಡಲ್ಲ ಅನ್ನಿ."

"ನಾನು ಆಡ್ತೀನಂತ ಅನಿಸ್ತದೇನು?"

"ಅಯ್ಯೋ ಬಿಡ್ತು ಅನ್ನಿ ಮೇಡಂ" ಎಂದು ಅವರು ಕಿಸೆಯಿಂದ ಫೋನು ತೆಗೆದು ವರಾಂಡಕ್ಕೆ ಹೋದರು. ರಾಮನಗರದವರಿಗೆ ಬೇಡವೆಂದು ಹೇಳಿದ ದನಿ ಒಳಗಿನವರಿಗೆಲ್ಲ ಕೇಳಿತು.

ಉಳಿದದ್ದು ಒಂದೇ ಪ್ರಶ್ನೆ. ಈ ಡಬ್ಬದೊಳಗೆ ರಾಹುಕಾಲ ಗೊತ್ತಿರುವುದು ಯಾರಿಗೆ? ಸರಸ್ವತಮ್ಮನಿಗೆ ಫೋನ್ ಮಾಡಿದರು. "ದಿನಶುದ್ಧಿ ಅಂತ ಪಂಚಾಂಗದ ಸಾಫ್ಟ್‌ವೇರ್ ಇದೆಯಲ್ಲ. ಬೆಳಿಗ್ಗೆ ಎದ್ದು ಅದನ್ನ ತೆರೆಯದೆ ನಾನು ಯಾರ ಜಾತಕಾನೂ ಮುಟ್ಟಲ್ಲ. ಹನ್ನೊಂದು ವರ್ಷ ಆಯ್ತು, ಪುಕ್ಕಟೆ."

ಯಶಶ್ರೀ ಕೊಂಬೆ ಹಿಡಿದಳು. ಮಾರ್ಚಿನಲ್ಲಿ ಬಂದ ದಿನಶುದ್ಧಿಯ ಹೊಸ ಆವೃತ್ತಿಯ ಜೊತೆಗೆ ಒಬ್ಬ ಗುಟ್ಟಿನ ಕೆಲಸಗಾರ, ಅಂದರೆ ಕಣ್ಣಿಗೆ ಬೀಳದ ಸಣ್ಣ ಪ್ರೋಗ್ರಾಂ, ಸೇರಿಕೊಂಡಿದ್ದ. ದಿನಾ ಬೆಳಿಗ್ಗೆ ಎದ್ದು, ಕಿತ್ತುಹಾಕಿದ ಜೋಡಣೆಯನ್ನು ಮತ್ತೆ ನೆಡುವುದೇ ಅವನ ಕೆಲಸ. ಮೊದಲು ಅವನನ್ನು, ಆಮೇಲೆ ದಿನಶುದ್ಧಿಯನ್ನು, ಕಡೆಗೆ ಬ್ರೌಸರಿನ ಜೋಡಣೆಯನ್ನು ತೆಗೆದು, ಯಂತ್ರವನ್ನು ಮೂರು ಸಲ ಆರಿಸಿ ಹಚ್ಚಿದಳು. ಸಂಜೆ ಆರರವರೆಗೂ ಪರದೆ ತೊಳೆದಿಟ್ಟ ತಟ್ಟೆಯ ಹಾಗಿತ್ತು.

ತಯಾರಿಸಿದವನ ಹೆಸರು ಹುಡುಕಲು ಎಲ್ಲೂ ಹೋಗಬೇಕಾಗಲಿಲ್ಲ. ದಿನಶುದ್ಧಿಯ 'ನಮ್ಮ ಬಗ್ಗೆ' ಪುಟದಲ್ಲೇ ಇತ್ತು: ಅಭಿರಾಮ, ಬಸವನಗುಡಿ, ಫೋನ್ ನಂಬರು, 'ತಪ್ಪಿದ್ದರೆ ದಯವಿಟ್ಟು ತಿಳಿಸಿ' ಎಂಬ ಸಾಲು. ಜಾಹೀರಾತು ಹರಿದು ಬರುತ್ತಿದ್ದ ಸರ್ವರಿನ ನೋಂದಣಿಯೂ ಅದೇ ಹೆಸರಿನಲ್ಲಿದೆ ಎಂದು ಸರ್ವರ್ ಕಂಪನಿಯಿಂದ 7.10ಕ್ಕೆ ಇಮೇಲ್ ಉತ್ತರ ಬಂತು.

ಆಗಸ್ಟ್ 1, ಶುಕ್ರವಾರ, ಬೆಳಿಗ್ಗೆ 9.15ಕ್ಕೆ ಬಂಧನ. ಬಸವನಗುಡಿಯ ಮನೆಯ ಜಗಲಿಯಲ್ಲಿ ಅಭಿರಾಮನ ತಂದೆ, ಪುರೋಹಿತ ರಾಮಾನುಜರು ಭೂತಗನ್ನಡಿ ಹಿಡಿದು ಪಂಚಾಂಗ ಓದುತ್ತಿದ್ದರು. "ಯಾರೋ ಬಂದಿದಾರೆ ನೋಡೋ, ಮುಹೂರ್ತ ಕೇಳೋಕಿರಬೇಕು" ಎಂದು ಒಳಗೆ ಕೂಗಿದರು. ಮಫ್ತಿಯಲ್ಲಿದ್ದ ಮುನಿರಾಮಪ್ಪ, "ಹೌದು ಸ್ವಾಮಿ" ಎಂದ. ನಲವತ್ತರ ಅಭಿರಾಮ ಹೊರಗೆ ಬಂದವನೇ ಇವರ ಬೂಟು ನೋಡಿ ಅರ್ಥ ಮಾಡಿಕೊಂಡ. ತಕರಾರು ಮಾಡಲಿಲ್ಲ.

ಠಾಣೆಯಲ್ಲಿ 10.05ಕ್ಕೆ ವಿಚಾರಣೆ.

"ಎಷ್ಟು ಕಂಪ್ಯೂಟರಿನೊಳಗ ಹಾಕೀರಿ?"

"ನಾಲ್ಕು ಸಾವಿರ ಚಿಲ್ಲರೆ."

"ರಾಹುಕಾಲದಾಗ ಯಾಕ ನಿಲ್ಲಿಸಿದ್ರಿ?"

ಅಭಿರಾಮ ಇದೇನು ಪ್ರಶ್ನೆ ಎಂಬಂತೆ ನೋಡಿದ. "ವ್ಯವಹಾರದ ಹೊತ್ತಲ್ಲ ಮೇಡಂ ಅದು. ಪಂಚಾಂಗದೋರೇ ರಾಹುಕಾಲದಲ್ಲಿ ಸಾಲ ತಗೊಳ್ಳಿ ಅಂದ್ರೆ ಜನಕ್ಕೆ ಒಳ್ಳೇದಾಗಲ್ಲ."

ಯಶಶ್ರೀ ಬಾಯಿಗೆ ಕರವಸ್ತ್ರ ಒತ್ತಿಕೊಂಡಳು.

"ಯಾಕ ಮಾಡಿದ್ರಿ?"

ತಂದೆಗೆ ಕಣ್ಣು ಮಂಜಾದಾಗ ದೊಡ್ಡ ಅಕ್ಷರದಲ್ಲಿ ಓದಲೆಂದು ದಿನಶುದ್ಧಿ ಮಾಡಿದ್ದ. ಕೇಳಿದವರಿಗೆಲ್ಲ ಹಂಚಿದ. ಮನೆಮನೆಯಲ್ಲೂ ಅದು ಬಂದ ಮೇಲೆ ತಿಥಿ, ಮುಹೂರ್ತ ಕೇಳಲು ಯಾರೂ ಜಗಲಿಗೆ ಬರಲಿಲ್ಲ. ಯುಗಾದಿಯ ದಿನ ಪಂಚಾಂಗ ಓದಿ ಮುಗಿಸಿ, ತಂದೆ ಬರಿದಾದ ದಕ್ಷಿಣೆ ತಟ್ಟೆಯನ್ನೇ ನೋಡುತ್ತ ಕೂರುತ್ತಿದ್ದರು. ಫೋನು ಮಾಡುವವರು ತಿಥಿ ತಪ್ಪಿದೆ ಎನ್ನಲು ಮಾತ್ರ ಮಾಡುತ್ತಿದ್ದರು. ಈ ವರ್ಷ ಜಾಹೀರಾತಿನಿಂದ ಬಂದ ಮೊದಲ ಹಣವನ್ನು ಲಕೋಟೆಗಳಿಗೆ ಹಾಕಿ, ದಿನಶುದ್ಧಿ ಹಾಕಿಸಿಕೊಳ್ಳುವಾಗ ಹೆಸರು ಕೊಟ್ಟಿದ್ದ ಹಳೆಯ ಮನೆಗಳವರ ಹೆಸರು ಬರೆದು ತಟ್ಟೆಗಿಟ್ಟಿದ್ದ. ಜನ ಮರೆತಿಲ್ಲ ಕಣೋ ಎಂದಿದ್ದರಂತೆ ತಂದೆ.

"ಆಮೇಲೆ ನಿಲ್ಲಿಸ್ಬೇಕು ಅಂದ್ಕೊಂಡೆ. ಅಪ್ಪ ಪ್ರತಿ ಹಬ್ಬಕ್ಕೂ ಲಕೋಟೆ ಎದುರು ನೋಡೋಕೆ ಶುರು ಮಾಡಿದ್ರು. ಅವ್ರಿಗೆ ಹೇಳ್ಬೇಡಿ ಮೇಡಂ."

"ಎಫ್‌ಐಆರ್ ಒಳಗ ಅವರು ಬರೀ ತಂದೆ ಹೆಸರಿನ ಕಾಲಮಿನಾಗ ಇರ್ತಾರ" ಎಂದರು ಮಹಾನಂದ. ಹಣದ ಖಾತೆಗೆ ತಡೆ ಹಾಕಿಯಾಗಿತ್ತು. ನಾಲ್ಕು ಸಾವಿರ ಯಂತ್ರಗಳಿಗೂ ಶುದ್ಧ ಆವೃತ್ತಿ ಕಳಿಸಲು ಅಭಿರಾಮ ಒಪ್ಪಿ ಬರೆದುಕೊಟ್ಟ. ಜಾಮೀನು ಸಿಗುವ ಅಪರಾಧ; ಎದುರು ಮನೆಯವರು ಬಂದು ಮುಚ್ಚಳಿಕೆಗೆ ಸಹಿ ಹಾಕಿದರು.

ಅಷ್ಟರಲ್ಲಿ ಸರಸ್ವತಮ್ಮ ಬಂದರು. ಗೌರೀಶನಿಗೂ ಬಿಂದುವಿಗೂ ಸಂಜೆಯೇ ತಾಂಬೂಲ ಎಂದು ಸಿಹಿ ಹಂಚಲು ಬಂದವರು. ಅವರ ಹೇಳಿಕೆಗೆ ಬೇಕಿದ್ದುದರಿಂದ ಮುನಿರಾಮಪ್ಪ ಲಕೋಟೆಯ ವಿಷಯ, ಒಂದರ ಮೇಲೆ ಅವರ ಹೆಸರೂ ಇದ್ದದ್ದು ಹೇಳಿದ. ಸರಸ್ವತಮ್ಮ ಸಂಜೆಗೆಂದು ತಂದಿದ್ದ ಚೀಲದಿಂದ ತಟ್ಟೆ, ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ ತೆಗೆದು, ಮೇಲೊಂದು ನೋಟಿಟ್ಟರು.

"ಯುಗಾದಿಗೆ ನನ್ನ ಹೆಸರಲ್ಲಿ ನಿಮ್ಮಪ್ಪನಿಗೆ ಹೋದದ್ದು ನಾನು ಕೊಟ್ಟದ್ದಲ್ಲಪ್ಪ. ಹನ್ನೊಂದು ವರ್ಷದ್ದು ಬಾಕಿ ಇದೆ. ಇದು ನಾನು ಕೊಡ್ತಿರೋದು. ಅವ್ರ ಕೈಗಿಡು."

ಅಭಿರಾಮ ಎದ್ದು ನಿಂತು ಎರಡೂ ಕೈ ಚಾಚಿದ. ಗೋಡೆಯ ಗಡಿಯಾರ ಕಣ್ಣಿಗೆ ಬಿತ್ತು. 11.40. ಶುಕ್ರವಾರ. ಕೈ ಹಿಂದಕ್ಕೆ ತೆಗೆದ.

"ಇಪ್ಪತ್ತು ನಿಮಿಷ ತಡೀರಿ ಅಮ್ಮ."

ಸರಸ್ವತಮ್ಮನೂ ಗಡಿಯಾರ ನೋಡಿದರು. "ಅಯ್ಯೋ, ಹೌದಲ್ಲ" ಎಂದು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಬೆಂಚಿನ ಮೇಲೆ ಕೂತರು. ಬಿಡುಗಡೆಯ ಕಾಗದಕ್ಕೆ ಸಹಿ ಹಾಕಲು ಪೆನ್ನು ಎತ್ತಿದ್ದ ಇನ್‌ಸ್ಪೆಕ್ಟರು ಅದಕ್ಕೆ ಮುಚ್ಚಳ ಹಾಕಿ, ಆಂಜಿನಯ್ಯನಿಗೆ ಆರು ಕಾಫಿ ಹೇಳಿಕಳಿಸಿದರು.

ಠಾಣೆಯ ಆ ದಿನದ ದಿನಚರಿಯಲ್ಲಿ ಮುನಿರಾಮಪ್ಪ 11.40ರಿಂದ 12.00ರವರೆಗೆ ಏನನ್ನೂ ಬರೆದಿಲ್ಲ.