ಮುಚ್ಚಳ ತೆಗೆದ ಎರಡನೇ ಕೈ

“ಲ್ಯಾಪ್‌ಟಾಪ್ ಸತ್ತಿದೆ ಮೇಡಮ್. ಸಾಯಿಸಿದವರು ನೀವೇ.”

ಮ್ಯಾನೇಜರ್ ಹೇಳಿದ ರೀತಿಗೆ ಸರ್ವಿಸ್ ಸೆಂಟರಿನಲ್ಲಿ ಕಾಯುತ್ತಿದ್ದವರೆಲ್ಲ ತಲೆಯೆತ್ತಿದರು. ಕೌಂಟರಿನ ಮೇಲೆ ಅತ್ತಿಗೆಯ ಲ್ಯಾಪ್‌ಟಾಪ್ ಬೋರಲು ಬಿದ್ದಿತ್ತು. ಅಡಿಯ ಮುಚ್ಚಳ ತೆಗೆದಿತ್ತು.

“ನಾನು ಕೊಟ್ಟಿದ್ದು ಒಂದು ಕೀ ಕೆಲಸ ಮಾಡಲ್ಲ ಅಂತ,” ಎಂದಳು ಅತ್ತಿಗೆ. “ಬರೀ ಒಂದು ಕೀ!”

“ಇಲ್ಲಿ ನೋಡಿ. ಗಿಡ್ಡ ಸ್ಕ್ರೂ ಇರಬೇಕಾದ ಜಾಗಕ್ಕೆ ಉದ್ದದ್ದು ಹಾಕಿ ತಿರುವಿದ್ದಾರೆ. ಒಳಗಿನ ಮುಖ್ಯ ಬೋರ್ಡಿಗೇ ತೂತು ಬಿದ್ದಿದೆ. ಇದಕ್ಕೆ ವಾರಂಟಿ ಇಲ್ಲ.”

ಅತ್ತಿಗೆ ಬಗ್ಗಿ ನೋಡಿದಳು.

“ಇದು ನನ್ನ ಮೆಮೊರಿ ಅಲ್ಲ. ನಾನು ಹಾಕಿದ್ದು ಹೊಸದು, ದೊಡ್ಡದು. ಯಾರೋ ತೆಗೆದು ಚಿಕ್ಕದು ಸಿಕ್ಕಿಸಿದ್ದಾರೆ!”

ಮ್ಯಾನೇಜರ್ ನಿಧಾನವಾಗಿ ಹಿಂದಕ್ಕೆ ತಿರುಗಿದರು. ಅಲ್ಲಿ ನಿಂತಿದ್ದವರು ಟೆಕ್ನಿಷಿಯನ್. ನರೆತ ಗಡ್ಡ, ಕೈಯಲ್ಲಿ ಸ್ಕ್ರೂಡ್ರೈವರ್.

“ತಗೊಳ್ಳುವಾಗ ಆನ್ ಮಾಡಿ ನೋಡಿದ್ರಾ?”

“ಜನ ಜಾಸ್ತಿ ಇದ್ರು ಸರ್... ನೋಡಲಿಲ್ಲ.”

“ಹಾಗಾದ್ರೆ ಒಳಗಿದ್ದ ಮೆಮೊರಿ ಎಲ್ಲಿ ಹೋಯ್ತು? ಸಂಜೆಯೊಳಗೆ ಉತ್ತರ ಬೇಕು. ಇಲ್ಲಾಂದ್ರೆ ನಾಳೆಯಿಂದ ಬರಬೇಡಿ.”

ಗಡ್ಡದವರು ಸ್ಕ್ರೂಡ್ರೈವರನ್ನು ಅಂಗಿಯ ಜೇಬಿಗಿಡಲು ಹೋದರು. ಅದು ಜೇಬು ತಪ್ಪಿ ನೆಲಕ್ಕೆ ಬಿತ್ತು.

ಜನರೆದುರು ನನಗೆ ಮಾತು ಹೊರಡುವುದಿಲ್ಲ. ಹೊರಗೆ ಹೋಗಿ ಅತ್ತೆಗೆ ಫೋನ್ ಮಾಡಿದೆ.

* * *

ಅತ್ತೆ ಅಪ್ಪನ ತಂಗಿ. ವಿಮಾ ಕಂಪನಿಗಳಿಗೆ ಸರ್ವೇಯರ್. ಸುಟ್ಟ ಗೋದಾಮು, ಮುಳುಗಿದ ದೋಣಿ, ನುಜ್ಜುಗುಜ್ಜಾದ ಕಾರು ನೋಡಿ, ಅದು ತಾನಾಗಿ ಆದದ್ದೋ ಯಾರೋ ಮಾಡಿದ್ದೋ ಎಂದು ಹೇಳುವುದು ಅವರ ಕಸುಬು. ಮನೆಯಲ್ಲಿ ನಾವಿಟ್ಟ ಹೆಸರು ಭೂತಗನ್ನಡಿ.

ಬಂದವರು ಮೊದಲು ಕೇಳಿದ್ದು ಅತ್ತಿಗೆಯನ್ನು.

“ಮೊದಲಿಂದ ಹೇಳಮ್ಮಾ. ಅಳು ಆಮೇಲಿಟ್ಕೋ.”

ಅತ್ತಿಗೆ ಹೇಳಿದಳು. ವಸ್ತುಸಂಗ್ರಹಾಲಯದಲ್ಲಿ ಚೂರುಚೂರಾದ ಕಲ್ಲಿನ ವಿಗ್ರಹವೊಂದಿದೆ. ಒಂದೊಂದು ಚೂರನ್ನೂ ಎಲ್ಲ ಕಡೆಯಿಂದ ಫೋಟೋ ತೆಗೆದು, ಲ್ಯಾಪ್‌ಟಾಪಿನಲ್ಲಿ ಜೋಡಿಸುವುದು ಇವಳ ಕೆಲಸ. ಸೋಮವಾರ ಶಿಲ್ಪಿಗಳು ಅದನ್ನು ನೋಡಿಕೊಂಡೇ ನಿಜವಾದ ಕಲ್ಲು ಅಂಟಿಸಲು ಶುರುಮಾಡುತ್ತಾರೆ. ಇವಳದು ಮುಗಿಯದಿದ್ದರೆ ಕೆಲಸ ಬೇರೆಯವರ ಪಾಲು.

“ಅಷ್ಟೊಂದು ಫೋಟೋ ತೆರೆದರೆ ಯಂತ್ರ ಹಠ ಹಿಡಿದ ಎಮ್ಮೆ ಥರ ನಿಂತುಬಿಡೋದು. ಅದಕ್ಕೇ ಮೆಮೊರಿ ಹೆಚ್ಚಿಸಿದೆ.”

“ನೀನೇ?”

“ನಾನೇ. ಕಂಪನಿಯ ಕೈಪಿಡಿ ಪೂರ್ತಿ ಓದಿದೆ ಅತ್ತೆ. ಮೆಮೊರಿ ನಾವೇ ಬದಲಿಸಬಹುದು, ಅದರಿಂದ ವಾರಂಟಿ ಹೋಗಲ್ಲ. ಬದಲಿಸೋವಾಗ ಏನಾದ್ರೂ ಮುರಿದರೆ ಮಾತ್ರ ಅದು ನಮ್ಮ ತಲೆ ಮೇಲೆ. ನನ್ನ ಕೈಯಲ್ಲಿ ಏನೂ ಮುರಿಯಲಿಲ್ಲ. ಆಮೇಲೆ ವಾರಗಟ್ಟಲೆ ಚೆನ್ನಾಗಿ ಓಡ್ತು.”

ಅದಕ್ಕೆ ನಾನೇ ಸಾಕ್ಷಿ. ಆ ದಿನ ಟಾರ್ಚ್ ಹಿಡಿದವಳು ನಾನು. ಅತ್ತಿಗೆ ಮೊದಲು ನಲ್ಲಿ ಮುಟ್ಟಿ, ಯಂತ್ರಕ್ಕೆ ತಗುಲದಿರಲೆಂದು ಮೈಯ ಕರೆಂಟು ಕಳೆದುಕೊಂಡಳು. ಕಾಗದದ ಮೇಲೆ ಮುಚ್ಚಳದ ಚಿತ್ರ ಬರೆದು, ತೆಗೆದ ಸ್ಕ್ರೂವನ್ನು ಅದರದರ ಜಾಗದಲ್ಲೇ ಇಟ್ಟಳು. ಮುಚ್ಚಳ ಎದ್ದಾಗ ನಾನು ಉಸಿರು ಬಿಗಿಹಿಡಿದೆ. ವಿಮಾನದ ಕಿಟಕಿಯಿಂದ ಒಂದು ಊರನ್ನೇ ನೋಡಿದ ಹಾಗಿತ್ತು. ಬೀದಿ, ಚೌಕ, ಚಾವಣಿ. ಒಬ್ಬ ಮನುಷ್ಯನೂ ಇಲ್ಲದ ಊರು. ಅತ್ತಿಗೆ ಬ್ಯಾಟರಿಯ ತಂತಿ ಬಿಡಿಸಿದಳು. ಮೆಮೊರಿ ಪಟ್ಟಿಯನ್ನು ಓರೆಯಾಗಿ ತೂರಿಸಿ ಒತ್ತಿದಳು. ಎರಡೂ ಕಡೆಯ ಕೊಕ್ಕೆಗಳು ಟಕ್ ಎಂದವು.

“ಬಿಚ್ಚಬೇಡ, ವಾರಂಟಿ ಹೋಗತ್ತೆ ಅಂತ ಇವಳಣ್ಣ ಬಡ್ಕೊಂಡಿದ್ರು,” ಎಂದು ಅತ್ತಿಗೆ ಕಣ್ಣೊರೆಸಿದಳು. “ಈಗ ಅವರಿಗೆ ಯಾವ ಮುಖ ತೋರಿಸಲಿ?”

* * *

ಅತ್ತೆ ಗಡ್ಡದವರ ಮೇಜಿನ ಮುಂದೆ ಕುರ್ಚಿ ಎಳೆದುಕೊಂಡು ಕೂತರು.

“ಮುಚ್ಚಳ ತೆಗೆಯೋಕೆ ಮುಂಚೆ ಫೋಟೋ ತೆಗೀತೀರಾ?”

“ತೆಗೀಲೇಬೇಕು ಮೇಡಮ್. ಇಲ್ಲಿನ ನಿಯಮ.”

“ತೋರಿಸಿ. ನೀವು ಇವತ್ತು ರಿಪೇರಿ ಮಾಡಿ ಮುಚ್ಚಿದ ಇನ್ನೊಂದು ಯಂತ್ರಾನೂ ತೋರಿಸಿ.”

ಗಡ್ಡದವರು ಎರಡನ್ನೂ ಮುಂದಿಟ್ಟರು. ಅತ್ತೆ ಫೋಟೋ ನೋಡಿದರು, ಯಂತ್ರ ನೋಡಿದರು. ಮತ್ತೆ ಫೋಟೋ. ನಾನೂ ಇಣುಕಿದೆ. ನನಗೆ ಕಂಡದ್ದು ಬರೀ ಸ್ಕ್ರೂ.

“ಈ ಸ್ಕ್ರೂ ಯಾವುದರಿಂದ ಹಾಕ್ತೀರಿ?”

“ಇದರಿಂದ. ಕರೆಂಟಿನದು. ಬಿಗಿಯಾದ ಕೂಡಲೇ ತಾನೇ ನಿಂತುಬಿಡತ್ತೆ.”

“ಅಂದ್ರೆ ಅದು ಎಲ್ಲಿ ನಿಲ್ಲತ್ತೋ ಅಲ್ಲಿಗೇ ಸರಿ?”

“ಅಷ್ಟೇ ಮೇಡಮ್. ಇನ್ನೇನು ಪೂಜೆ ಮಾಡೋಕಾಗತ್ತಾ?”

ಅತ್ತೆ ನಕ್ಕರು. ನನ್ನ ಕಡೆ ತಿರುಗಿದರು.

“ಅತ್ತಿಗೆ ಮುಚ್ಚಿದ ದಿನ ನೀನು ಫೋಟೋ ತೆಗೆದಿದ್ಯೇನೇ?”

ತೆಗೆದಿದ್ದೆ. ಫೋನ್ ಕೊಟ್ಟೆ. ಅವರ ಹುಬ್ಬು ಮೇಲೇರಿತು. ಗಡ್ಡದವರು ತೆಗೆದ ಫೋಟೋವನ್ನೂ ತಮ್ಮ ಫೋನಿಗೆ ಹಾಕಿಸಿಕೊಂಡರು.

“ಹಳೇ ಮೆಮೊರಿ ಎಲ್ಲಮ್ಮಾ?”

“ಮನೇಲಿ. ಹೊಸದು ಬಂದ ಡಬ್ಬಿಯಲ್ಲೇ ಹಾಕಿಟ್ಟಿದ್ದೀನಿ.”

“ನಡೀರಿ, ಡಬ್ಬಿ ನೋಡೋಣ.”

* * *

ಡಬ್ಬಿ ಖಾಲಿ.

ಅತ್ತಿಗೆ ಅದನ್ನು ತಲೆಕೆಳಗು ಮಾಡಿ ಕೊಡವಿದಳು. ಯಂತ್ರದಲ್ಲಿದ್ದ ಚಿಕ್ಕ ಪಟ್ಟಿ ಸರ್ವಿಸ್ ಸೆಂಟರಿನದಲ್ಲ. ನಮ್ಮದೇ. ಇಲ್ಲಿಂದಲೇ ಹೋದದ್ದು. ಈ ಮನೆಯಲ್ಲಿರುವವರು ಮೂವರು. ಅತ್ತಿಗೆ, ನಾನು, ಅಣ್ಣ.

“ಕೋಣೆ ಕತ್ತಲು. ದೀಪ ಹಾಕೇ,” ಎಂದರು ಅತ್ತೆ.

ಹಾಕಿದೆ.

“ಈಗ ಒತ್ತಿದೆಯಲ್ಲ, ಆ ಸ್ವಿಚ್‌ಬೋರ್ಡ್ ನೋಡು.”

ನೋಡಿದೆ. ಬಿಳಿ ಪಟ್ಟಿ, ನಾಲ್ಕು ಮೂಲೆಗೆ ನಾಲ್ಕು ಸ್ಕ್ರೂ. ನಾಲ್ಕರ ಗೆರೆಯೂ ನೆಟ್ಟಗೆ, ಸಿಪಾಯಿಗಳ ಹಾಗೆ ನಿಂತಿದ್ದವು. ಅಡುಗೆಮನೆಗೆ ಓಡಿದೆ. ಅಲ್ಲೂ ನೆಟ್ಟಗೆ. ಬಚ್ಚಲಿನ ಬಾಗಿಲ ಪಕ್ಕದಲ್ಲೂ. ದಿನಕ್ಕೆಷ್ಟೋ ಸಲ ನನ್ನ ಬೆರಳು ಮುಟ್ಟುವ ಸ್ವಿಚ್ಚುಗಳು. ಒಮ್ಮೆಯೂ ನೋಡಿರಲಿಲ್ಲ.

ನಮ್ಮಣ್ಣ ಎಲೆಕ್ಟ್ರಿಷಿಯನ್. ಈ ಮನೆಯ ವೈರಿಂಗ್ ಅವನದೇ. ‘ಸ್ಕ್ರೂ ಸೊಟ್ಟಗಿದ್ದರೆ ಕೆಲಸಗಾರನೇ ಸೊಟ್ಟ’ ಎನ್ನುವುದು ಅವನ ಮಾತು.

ಅತ್ತೆ ಎರಡು ಫೋಟೋ ಪಕ್ಕಪಕ್ಕ ಹಿಡಿದರು. ಅತ್ತಿಗೆ ಮುಚ್ಚಿದಾಗ ಸ್ಕ್ರೂಗಳ ತಲೆಯ ಗೆರೆಗಳು ಒಂದೊಂದು ದಿಕ್ಕಿಗೆ. ಗಡ್ಡದವರು ಮುಚ್ಚಿದ ಇನ್ನೊಂದು ಯಂತ್ರದಲ್ಲೂ ಹಾಗೆಯೇ ಇತ್ತು. ಈ ಲ್ಯಾಪ್‌ಟಾಪ್ ಸರ್ವಿಸ್ ಸೆಂಟರಿಗೆ ಹೋದಾಗ ಮಾತ್ರ ಎಲ್ಲವೂ ನೇರ ನಿಂತ ಕೂಡಿಸುವ ಚಿಹ್ನೆಗಳು.

ಇಷ್ಟು ದೊಡ್ಡದನ್ನು ಇಷ್ಟು ಸಣ್ಣದರಲ್ಲಿ ಓದಬಹುದೇ?

* * *

ಅಣ್ಣ ಬಂದ. ಟೂಲ್ ಬ್ಯಾಗ್ ಹೆಗಲಲ್ಲೇ ಇತ್ತು.

“ಬಾರಯ್ಯಾ,” ಎಂದರು ಅತ್ತೆ. “ಹೊಸ ಮೆಮೊರಿ ಬ್ಯಾಗಲ್ಲಿದೆಯೋ, ಜೇಬಲ್ಲಿದೆಯೋ?”

“ಯಾವ ಮೆಮೊರಿ?”

“ಬಿಗಿಯಾಗೋವರೆಗೆ ಎಲ್ಲರೂ ತಿರುಗಿಸ್ತಾರೆ. ಬಿಗಿಯಾದ ಮೇಲೂ, ಗೆರೆ ನೆಟ್ಟಗಾಗ್ಲಿ ಅಂತ ಇನ್ನೊಂಚೂರು ತಿರುಗಿಸೋನು ಈ ಮನೇಲಿ ಒಬ್ಬನೇ. ಗೋಡೆ ಅದನ್ನ ತಡ್ಕೊಳ್ಳತ್ತೆ ಕಣೋ. ಬೋರ್ಡ್ ತಡ್ಕೊಳ್ಳಲಿಲ್ಲ. ಸ್ಕ್ರೂ ಎಲ್ಲಾ ಒಂದೇ ಬಟ್ಟಲಿಗೆ ಹಾಕಿದ್ಯಾ?”

ಅಣ್ಣ ಕೂತುಬಿಟ್ಟ. ಬ್ಯಾಗಿನಿಂದ ಕರವಸ್ತ್ರದ ಗಂಟೊಂದನ್ನು ತೆಗೆದ. ಬಿಚ್ಚಿದರೆ ಹೊಸ ಮೆಮೊರಿ.

“ಎಲ್ಲಾ ಒಂದೇ ಅಳತೆ ಅಂದ್ಕೊಂಡೆ ಅತ್ತೆ. ನಮ್ಮ ಸ್ವಿಚ್‌ಬೋರ್ಡುಗಳಲ್ಲಿ ಒಂದೇ ಇರತ್ತೆ.”

“ಯಾಕ್ರೀ?” ಅತ್ತಿಗೆಯ ದನಿ ಕೇಳಿಸಿತೋ ಇಲ್ಲವೋ ಎಂಬಷ್ಟು ಸಣ್ಣದು.

“ನಿನಗೋಸ್ಕರಾನೇ ಕಣೇ. ಕೀ ಸರಿ ಮಾಡಿಸೋಕೆ ಕೊಡ್ತೀನಿ ಅಂದ್ಯಲ್ಲ. ಹೊಸ ಮೆಮೊರಿ ಕಂಡ್ರೆ ವಾರಂಟಿ ಇಲ್ಲ ಅಂತಾರೆ ಅಂತ ಹೆದರಿದೆ. ನೀನು ಸ್ನಾನಕ್ಕೆ ಹೋದಾಗ ಹಳೇದನ್ನ ಹಾಕಿದೆ. ವಾಪಸ್ ಬಂದ್ಮೇಲೆ ಮತ್ತೆ ಬದಲಿಸಿಬಿಡೋಣ ಅಂತ. ಆನ್ ಮಾಡಿದೆ, ಆಗಲಿಲ್ಲ. ಮತ್ತೆ ಒತ್ತಿದೆ. ಆಗಲಿಲ್ಲ. ಹೇಗಿದ್ರೂ ಸರ್ವಿಸ್‌ಗೆ ಹೋಗತ್ತಲ್ಲ, ಅವರೇ ಸರಿ ಮಾಡ್ತಾರೆ ಅಂತ...”

“ಕೈಪಿಡಿ ಓದಿದ್ದೀನಿ ಅಂತ ಹೇಳಿದ್ದೆ.”

“ಹೌದು, ಹೇಳಿದ್ದೆ.”

“ನೀವು ನಂಬಲಿಲ್ಲ.”

ಅಣ್ಣ ನೆಲ ನೋಡುತ್ತಾ ಗೊಣಗಿದ. “ಈಗ ನಿಜ ಹೇಳಿದ್ರೆ ಬೋರ್ಡಿಗೆ ವಾರಂಟಿ ಸಿಗಲ್ಲ. ಸುಮ್ಮನಿದ್ರೆ ಅವರೇ...”

“ಅವರೇ ಹಾಕ್ಕೊಡ್ತಾರೆ,” ಎಂದರು ಅತ್ತೆ. “ಗಡ್ಡದವರು ಕೆಲಸ ಕಳ್ಕೊಂಡು ಮನೆಗೆ ಹೋಗ್ತಾರೆ. ಕಳ್ಳ ಅನ್ನೋ ಹೆಸರು ಹೊತ್ಕೊಂಡು.”

ಅತ್ತಿಗೆ ಎದ್ದು ಬಾಗಿಲ ಬಳಿ ನಿಂತಳು.

“ಚಪ್ಪಲಿ ಹಾಕ್ಕೊಳ್ಳಿ.”

* * *

ಕೌಂಟರಿನ ಮುಂದೆ ಅಣ್ಣ ತಪ್ಪು ಮಾಡಿದ ಶಾಲೆಯ ಮಗುವಿನ ಹಾಗೆ ಕೈಕಟ್ಟಿ ನಿಂತ. ಮ್ಯಾನೇಜರಿಗಲ್ಲ, ನೇರ ಗಡ್ಡದವರಿಗೇ ಹೇಳಿದ.

“ಬಿಚ್ಚಿದ್ದು ನಾನು. ಇವಳೂ ಅಲ್ಲ, ನೀವೂ ಅಲ್ಲ.”

ಗಡ್ಡದವರು ಅವನನ್ನು ಮೇಲಿಂದ ಕೆಳಗೆ ನೋಡಿದರು.

“ಸ್ಕ್ರೂ ಮಾತ್ರ ಚೆಂದ ಹಾಕಿದ್ರಿ ಬಿಡಿ,” ಎಂದರು. ಮೂಗು ಒರೆಸಿಕೊಂಡರು. ಮೊದಲು ನಕ್ಕವರು ಮ್ಯಾನೇಜರ್.

ಆಮೇಲೆ ಅವರು ಲೆಕ್ಕ ಬಿಡಿಸಿದರು. ಮೆಮೊರಿ ಬದಲಿಸಿದ್ದು ತಪ್ಪಲ್ಲ. ಕೀ ತಾನಾಗಿ ಕೆಟ್ಟದ್ದು, ಅದು ವಾರಂಟಿಯಲ್ಲೇ ಆಗುತ್ತದೆ. ಬೋರ್ಡ್ ಕೈಯಾರೆ ಕೆಡಿಸಿದ್ದು, ಅದು ಅಣ್ಣನ ಖರ್ಚು. ಹೊಸ ಬೋರ್ಡ್ ಬರಲು ತಡವಾಗುತ್ತದೆ.

“ಸೋಮವಾರ?” ಎಂದಳು ಅತ್ತಿಗೆ.

ಮ್ಯಾನೇಜರ್ ಆಗುವುದಿಲ್ಲವೆಂದು ತಲೆಯಾಡಿಸಿದರು. ಸತ್ಯ ಹೇಳಿಯೂ ಸೋತೆವು ಎಂದುಕೊಂಡೆ.

ಗಡ್ಡದವರು ಆಗಲೇ ಒಳಗೆ ಹೋಗಿದ್ದರು. ಬಂದಾಗ ಕೈಯಲ್ಲಿ ಅದೇ ಮಾದರಿಯ ಇನ್ನೊಂದು ಯಂತ್ರ. “ಸರ್, ಇದು ನಮ್ಮ ಪರೀಕ್ಷೆಯ ಯಂತ್ರ. ಬೋರ್ಡ್ ಬರೋವರೆಗೆ ಕೊಡೋಣ.” ಮ್ಯಾನೇಜರ್ ಗಡ್ಡದವರ ಮುಖ ನೋಡಿ ಹೂಂ ಎಂದರು. ಬೆಳಗ್ಗೆ ಆಡಿದ ಮಾತು ಅವರಿಗೂ ಚುಚ್ಚುತ್ತಿತ್ತೇನೋ.

ಅತ್ತಿಗೆಯ ಕೆಲಸವೆಲ್ಲ ಇದ್ದ ಡಿಸ್ಕ್ ಅದಕ್ಕೆ ಹೋಯಿತು. ಕರವಸ್ತ್ರದಲ್ಲಿದ್ದ ಮೆಮೊರಿಯೂ ಹೋಯಿತು. ಪರದೆ ಬೆಳಗಿತು.

“ಎಲ್ಲಾ ಸರಿ ಇದೆಯಾ ನೋಡ್ಕೊಳ್ಳಿ,” ಎಂದರು ಗಡ್ಡದವರು.

ಅತ್ತಿಗೆ ಕೆಲಸ ತೆರೆದಳು. ಕತ್ತಲಲ್ಲಿ ಚೂರುಗಳು ತೇಲಿಬಂದವು. ಒಂದು ಗಲ್ಲ. ಅರ್ಧ ತುಟಿ. ಕಿವಿಯ ಅಂಚು. ಒಂದೊಂದಾಗಿ ಸರಿದು, ತಿರುಗಿ, ತಮ್ಮ ಜಾಗ ಹುಡುಕಿಕೊಂಡು ಕೂತವು. ಎಷ್ಟೋ ಶತಮಾನಗಳ ಹಿಂದೆ ಯಾರೋ ಕೆತ್ತಿದ ಮುಖವೊಂದು ಕೌಂಟರಿನ ಮೇಲೆ ಎದ್ದು ನಿಂತಿತು. ಕಾಯುತ್ತಿದ್ದ ಗಿರಾಕಿಗಳು ಕುರ್ಚಿ ಬಿಟ್ಟು ಹತ್ತಿರ ಬಂದರು. ಅತ್ತೆ ಕೂಡ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು.

“ಇದು ಇಷ್ಟು ದಿನ ನಮ್ಮನೇಲೇ ಇತ್ತಾ?” ಅಣ್ಣನ ದನಿ ಪಿಸುಮಾತಾಗಿತ್ತು.

“ಹೂಂ.”

“ಒಂದ್ಸಲಾನೂ ತೋರಿಸಲಿಲ್ಲ ನೀನು.”

“ನೀವು ಕೇಳಲಿಲ್ಲ.”

ಎಡಗಣ್ಣಿನ ರೆಪ್ಪೆ ಇನ್ನೂ ಕೂತಿರಲಿಲ್ಲ. ಅತ್ತಿಗೆ ಅಲ್ಲೇ ನಿಂತು, ಬೆರಳ ತುದಿಯಿಂದ ಆ ಚೂರನ್ನು ಮೆಲ್ಲಗೆ ಸರಿಸಿದಳು. ಅಣ್ಣ ಉಸಿರಾಡದೆ ನೋಡುತ್ತಿದ್ದ. ಕಲ್ಲು ಕಣ್ಣು ತೆರೆಯಿತು.