ಎಂಬತ್ತು ಲೀಟರಿನ ಟ್ಯಾಂಕು

ಬೆಳಿಗ್ಗೆ ಹತ್ತು ಐವತ್ತಕ್ಕೆ ಠಾಣೆಗೆ ನುಗ್ಗಿದ ಮರದ ವ್ಯಾಪಾರಿ, ಕೂರಿ ಎಂದರೆ ಕೂರಲಿಲ್ಲ, ನೀರು ಕೊಟ್ಟರೆ ಕುಡಿಯಲಿಲ್ಲ.

"ಗಾಡಿ ಹೋಯ್ತು ಸಾರ್. ಕೀ ಕೈಗೆ ಬರೋ ಮುಂಚೇನೇ ಹೋಯ್ತು."

ದಫೇದಾರರು ಪೆನ್ನಿನ ಟೋಪಿ ತೆಗೆದರು. ಇಪ್ಪತ್ತಾರು ವರ್ಷದ ಸರ್ವಿಸಿನಲ್ಲಿ ಕಳೆದುಹೋದ ಎಮ್ಮೆಯಿಂದ ಹಿಡಿದು ಕಳೆದುಹೋದ ಗಂಡನವರೆಗೆ ಹುಡುಕಿಕೊಟ್ಟವರು ಅವರು. ಗಾಡಿ ಯಾವ ಲೆಕ್ಕ?

"ಯಾವ ಗಾಡಿ?"

"ಪಿಕಪ್ ಸಾರ್, ಡಬಲ್ ಕ್ಯಾಬ್. ಮುಂದೆ ಎರಡು, ಹಿಂದೆ ಮೂರು ಸೀಟು, ಆಮೇಲೆ ಸರಕು ತೊಟ್ಟಿ. ಬಿಳೀದು."

"ನಂಬರು?"

"ಇನ್ನೂ ಬಂದಿಲ್ಲ. ಅಯ್ಯೋ, ಗಾಡಿ ಹಾಳಾಗ್ಲಿ ಸಾರ್, ಹಿಂದಿನ ಸೀಟಲ್ಲಿ ನಮ್ಮಮ್ಮ ಮಲಗಿದಾರೆ!"

ಪೆನ್ನು ನಿಂತಿತು. ಒಳಕೋಣೆಯಿಂದ ಇನ್ಸ್‌ಪೆಕ್ಟರ್ ಮೇಡಂ ಎದ್ದು ಬಂದರು. ಅವರು ಮಾತಿನಲ್ಲಿ ಬಲು ಜಿಪುಣರು.

"ಯಾವಾಗ?"

"ಹತ್ತು ಇಪ್ಪತ್ತೈದಕ್ಕೆ. ಸೈನ್ ಹಾಕೋಕೆ ನಾವು ಶೋರೂಮ್ ಒಳಗೆ ಹೋದ್ವಿ. ಅಮ್ಮ ಏಸಿ ಹಾಕಿಸ್ಕೊಂಡು ಗಾಡೀಲೇ ಒರಗಿದ್ರು. ಗಾಜು ಕಪ್ಪು, ಹೊರಗಿಂದ ಕಾಣಲ್ಲ. ಯಾರೋ ಟೆಸ್ಟ್ ಡ್ರೈವ್‌ಗೆ ತಗೊಂಡೋಗಿರ್ತಾರೆ, ಬರ್ತಾರೆ ಅಂತ ಮ್ಯಾನೇಜರ್ ಇಷ್ಟೊತ್ತು ಕೂರಿಸಿದ್ದ."

"ಆರೋಗ್ಯ?"

"ಸಕ್ಕರೆ ಕಾಯಿಲೆ. ಹತ್ತಕ್ಕೆ ಇನ್ಸುಲಿನ್ ಚುಚ್ಚಿಸ್ಕೊಂಡ್ರು. ತಿಂಡಿ ಡಬ್ಬಿ ನನ್ನ ಹೆಂಡ್ತಿ ಬ್ಯಾಗಲ್ಲೇ ಇದೆ."

ಮೇಡಂ ಡಾಕ್ಟರಿಗೆ ಫೋನು ಹಚ್ಚಿದರು. ಹೊಟ್ಟೆಗೆ ಏನೂ ಬೀಳದಿದ್ದರೆ ಬೆವರು, ನಡುಕ, ಆಮೇಲೆ ಪ್ರಜ್ಞೆಯೇ ತಪ್ಪಬಹುದು; ಹನ್ನೊಂದೂವರೆ ದಾಟಿಸಬೇಡಿ ಎಂದರು ಡಾಕ್ಟರು. ಎಫ್‌ಐಆರ್ ಬರೆಯಲು ರೈಟರನ್ನು ಕೂರಿಸಿ, ಎಲ್ಲ ರಸ್ತೆಗೂ ವೈರ್‌ಲೆಸ್ ಹೇಳಿ, ಜೀಪು ಶೋರೂಮಿಗೆ ಓಡಿತು.

ಹನ್ನೊಂದಕ್ಕೆ ಪಂಚನಾಮೆ ಶುರು. ಅಂಗಳದಲ್ಲಿ ಗಾಡಿಗೆ ಕಟ್ಟಿದ್ದ ಕೆಂಪು ರಿಬ್ಬನ್ನು ಮಾತ್ರ ಬಿದ್ದಿತ್ತು. ಕ್ಯಾಮೆರಾದಲ್ಲಿ ಟೋಪಿ ಹಾಕಿದ ಒಬ್ಬ ಗಂಡಸು, ಬೆನ್ನಷ್ಟೇ ಕಾಣುತ್ತಿತ್ತು. ಹತ್ತುವ ಮುಂಚೆ ಅವನು ಗಾಡಿಯ ಹಿಂದಕ್ಕೆ ಹೋದ. ತೆರೆದಿದ್ದ ತೊಟ್ಟಿಯ ಬಾಗಿಲನ್ನು ತೋರುಬೆರಳೊಂದರಲ್ಲೇ ಎತ್ತಿ ಮುಚ್ಚಿದ. ಆಮೇಲೆ ಹೊರಟ.

"ಇದೇನ್ರೀ, ಮದುವೆ ಹೆಣ್ಣಿನ ಗಲ್ಲ ಎತ್ತಿದ ಹಾಗೆ ಎತ್ತಿದ!" ಎಂದರು ದಫೇದಾರರು. "ಕಳ್ಳ ಆದೋನು ದಬ್ ಅಂತ ಬಡಿದು ಓಡ್ತಾನೆ."

ವ್ಯಾಪಾರಿಯ ಹೆಂಡತಿ ಪರದೆಯ ಹತ್ತಿರ ಬಂದರು. "ಮೇಡಂ, ನಮಗೆ ಗಾಡಿ ವಿವರಿಸಿದೋರು ಹಿಂಗೇ ಮಾಡಿದ್ರು. ‘ನೋಡಿ ಅಕ್ಕಾ, ಒಂದೇ ಬೆರಳು ಸಾಕು’ ಅಂತ."

ಮೇಡಂ ಮ್ಯಾನೇಜರನ ಕಡೆ ತಿರುಗಿದರು. "ಎಲ್ಲಿದಾನೆ?"

"ಯಾರು, ಕೈಪಿಡೀನಾ? ಗಾಡಿ ಪುಸ್ತಕ ಪೂರ್ತಿ ಬಾಯಿಪಾಠ, ಅದಕ್ಕೇ ಆ ಹೆಸರು. ಚಹಾಕ್ಕೆ ಹೋಗಿರ್ಬೇಕು." ಮ್ಯಾನೇಜರ್ ನಕ್ಕ. "ಅವನಾ ಮೇಡಂ? ಛೇ. ಹನ್ನೊಂದು ವರ್ಷದಿಂದ ಗಾಡಿ ಗುಣಗಾನ ಮಾಡ್ತಿದಾನೆ, ಲೈಸೆನ್ಸ್ ಇದ್ರೂ ಒಂದಿನ ಸ್ಟೇರಿಂಗ್ ಮುಟ್ಟಿಲ್ಲ. ವಿವರಿಸೋರು ಓಡಿಸಂಗಿಲ್ಲ, ಓಡಿಸೋರೇ ಬೇರೆ. ನಮ್ಮಲ್ಲಿ ಅದು ರೂಲ್ಸು."

"ಬೀರು ತೆಗೀರಿ."

ಕೈಪಿಡಿಯ ಬೀರುವಿನಲ್ಲಿ ಒಂದು ಬಾಚಣಿಗೆ, ಒಂದು ಟೈ, ಆ ಗಾಡಿಯ ಬಗ್ಗೆ ಒಂದು ಬಣ್ಣದ ಪುಸ್ತಿಕೆ. ಹತ್ತು ಪುಟದಲ್ಲಿ ಎರಡೇ ಸಾಲಿನ ಕೆಳಗೆ ಪೆನ್ಸಿಲ್ ಗೆರೆ: ‘ಮೂವತ್ತೈದು ಡಿಗ್ರಿ ಏರನ್ನು ಹತ್ತಬಲ್ಲದು. ಎಂಟುನೂರು ಮಿಲಿಮೀಟರ್ ನೀರಿನಲ್ಲಿ ಸಾಗಬಲ್ಲದು.’ ಎರಡರ ಮುಂದೆಯೂ ಪ್ರಶ್ನೆ ಚಿಹ್ನೆ.

"ಡೀಸೆಲ್ ಎಷ್ಟಿತ್ತು?" ಮೇಡಂ ಕೇಳಿದರು.

"ಟ್ಯಾಂಕು ಎಂಬತ್ತು ಲೀಟರಿಂದು..."

"ಟ್ಯಾಂಕ್ ಕೇಳಿಲ್ಲ."

ಮ್ಯಾನೇಜರ್ ನೆಲ ನೋಡಿದ. "ಐದು. ಹೊಸ ಗಾಡಿಗೆ ನಾವು ಹಾಕೋದೇ ಅಷ್ಟು. ಅದ್ರಲ್ಲೂ ಅರ್ಧ ಬೆಳಿಗ್ಗೆಯಿಂದ ಏಸಿ ಓಡಿಸೇ ಮುಗಿದಿರುತ್ತೆ."

"ಅವನಿಗೆ ಗೊತ್ತಾ?"

"ಡೀಸೆಲ್ ಹಾಕೋದು ಹಿಂದಿನ ಶೆಡ್ಡಲ್ಲಿ. ಅವನು ಆ ಕಡೆ ತಲೇನೂ ಹಾಕಲ್ಲ."

ಐದು ಲೀಟರಿಗೆ ಎಲ್ಲಿಗೆ ತಾನೇ ಹೋದಾನು? ಏರು ಬೇಕು, ನೀರು ಬೇಕು, ಎರಡೂ ಹತ್ತಿರ ಹತ್ತಿರ ಇರಬೇಕು. ದಫೇದಾರರು ತೊಡೆ ತಟ್ಟಿಕೊಂಡರು. "ಹಳೇ ಕಲ್ಲುಕ್ವಾರಿ ಮೇಡಂ! ಮೇಲೆ ದಿಬ್ಬ, ಕೆಳಗೆ ಹೊಂಡ. ಹದಿನೆಂಟು ಕಿಲೋಮೀಟರ್."

"ಹೊಂಡದ ಆಳ?"

ಆ ಹೊಂಡದಿಂದ ದಫೇದಾರರೇ ಎರಡು ಹೆಣ ಎತ್ತಿಸಿದ್ದರು. ದಡದಲ್ಲಿ ಮೊಣಕಾಲು, ಹತ್ತು ಹೆಜ್ಜೆಗೆ ಸೊಂಟ, ಅದರಾಚೆ ತಳವೇ ಇಲ್ಲ.

ವ್ಯಾಪಾರಿಯನ್ನೂ ಹೆಂಡತಿಯನ್ನೂ ಶೋರೂಮಿನಲ್ಲೇ ಬಿಟ್ಟು ಜೀಪು ಹೊರಟಿತು. ದಫೇದಾರರು ತಿಂಡಿ ಡಬ್ಬಿಯನ್ನು ಎದೆಗವಚಿಕೊಂಡು ಕೂತಿದ್ದರು, ಗಡಿಯಾರ ನೋಡಲು ಧೈರ್ಯವಿಲ್ಲದೆ. ದಿಬ್ಬದ ಬುಡದಲ್ಲಿ ಹೊಸ ಟೈರಿನ ಅಚ್ಚು ನೆಟ್ಟಗೆ ಮೇಲಕ್ಕೆ ಹೋಗಿತ್ತು. ಮೂವತ್ತೈದು ಡಿಗ್ರಿಯನ್ನು ಗಾಡಿ ಹತ್ತಿಬಿಟ್ಟಿತ್ತು. ಇವರ ಜೀಪು ಅರ್ಧಕ್ಕೇ ಏದುಸಿರು ಬಿಟ್ಟು ಹಿಂದೆ ಜಾರಿತು. ಇಳಿದು ಓಡಿದರು.

ಹನ್ನೊಂದು ಮೂವತ್ತೆಂಟು. ಹೊಂಡದಲ್ಲಿ, ದಡದಿಂದ ಎಂಟು ಹೆಜ್ಜೆ ದೂರ, ಬಿಳಿ ಪಿಕಪ್ಪು ನಿಂತಿತ್ತು. ಸದ್ದಿಲ್ಲ. ನೀರು ಬಾಗಿಲಿನ ಅರ್ಧಕ್ಕೆ ಬಂದಿತ್ತು. ಹಿಂದಿನ ಸೀಟು ಖಾಲಿ.

"ಅಮ್ಮಾ!" ದಫೇದಾರರು ಬೂಟು ಸಮೇತ ನೀರಿಗೆ ಬಿದ್ದರು.

"ಮೆಲ್ಲಗೆ ಕಣಪ್ಪಾ, ಅಲ್ಲಿ ಜಾರುತ್ತೆ," ಎಂದಿತೊಂದು ದನಿ.

ಸರಕು ತೊಟ್ಟಿಯಲ್ಲಿ ಅಜ್ಜಿ ಕಾಲು ಚಾಚಿ ಕೂತಿದ್ದರು. ಮುಖ ಬೆವರಿ ಬಿಳಿಚಿತ್ತು, ಕೈ ಇನ್ನೂ ನಡುಗುತ್ತಿತ್ತು, ತುಟಿಗೆಲ್ಲ ಚಾಕೊಲೇಟು ಮೆತ್ತಿತ್ತು. ಪಕ್ಕದಲ್ಲಿ ಕೈಪಿಡಿ, ನೆನೆದ ಪ್ಯಾಂಟಿನಲ್ಲಿ, ಗಿರಾಕಿಗೆಂದು ಗಾಡಿಯಲ್ಲಿಟ್ಟಿದ್ದ ಚಾಕೊಲೇಟು ಡಬ್ಬಿಯಿಂದ ಒಂದೊಂದೇ ಬಿಚ್ಚಿ ಕೊಡುತ್ತಿದ್ದ.

"ನೀರಿಗೆ ಇಳಿದ ಮೇಲೆ ಹಿಂದಿಂದ ನರಳಿದ ಹಾಗಾಯ್ತು ಮೇಡಂ," ಎಂದ. "ತಿರುಗಿ ನೋಡ್ತೀನಿ, ಇವರು! ಜೀವ ಬಾಯಿಗೆ ಬಂತು. ರಿವರ್ಸ್ ಹಾಕಿದೆ, ಇಂಜಿನ್ ನಿಂತೋಯ್ತು. ಕಿಟಕಿಯಿಂದ ಎತ್ತಿ ಮೇಲೆ ಕೂರಿಸ್ದೆ."

"ಡೀಸೆಲ್ ಮುಗಿದಿದೆ," ಎಂದರು ಮೇಡಂ.

"ಎಂಬತ್ತು ಲೀಟರ್ ಮೇಡಂ!"

"ಐದು."

ಗಾಡಿ ಇನ್ನೆರಡು ಹೆಜ್ಜೆ ಮುಂದೆ ಹೋಗಿದ್ದರೆ ಏನಾಗುತ್ತಿತ್ತೆಂದು ದಫೇದಾರರು ನೀರಿನ ಬಣ್ಣ ತೋರಿಸಿ ಹೇಳಿದಾಗ ಕೈಪಿಡಿಯ ಕೈಯಿಂದ ಡಬ್ಬಿ ಜಾರಿತು.

ಅಜ್ಜಿಯನ್ನು ದಫೇದಾರರೇ ಬೆನ್ನ ಮೇಲೆ ಹೊತ್ತು ದಡಕ್ಕೆ ತಂದರು. ಎರಡು ತುತ್ತು ಒಳಗೆ ಹೋದ ಮೇಲೆ ಅಜ್ಜಿಯ ದನಿ ಗಟ್ಟಿಯಾಯಿತು. "ಗಾಡಿ ಏನೋ ಚೆನ್ನಾಗಿದೆ. ಈ ಮುಠ್ಠಾಳನನ್ನ ಮಾತ್ರ ಒಳಗೆ ಹಾಕಿ."

ಮಧ್ಯಾಹ್ನ ಹನ್ನೆರಡು ಹತ್ತಕ್ಕೆ ಆರೋಪಿಯ ದಸ್ತಗಿರಿಯಾಯಿತು. ಠಾಣೆಯಲ್ಲಿ ದಫೇದಾರರು ಹೇಳಿಕೆ ಬರೆದುಕೊಂಡರು.

"ಮಾರೋಕೆ ತಗೊಂಡೋದ್ಯಾ?"

"ಇಲ್ಲ ಸಾರ್. ಊಟದ ಹೊತ್ತಿಗೆ ತಂದು ನಿಲ್ಲಿಸ್ತಿದ್ದೆ."

"ಮತ್ಯಾಕೆ?"

"ಹೋದ ವಾರ ಒಬ್ಬ ಗಿರಾಕಿ ಕೇಳ್ದ. ‘ಇಷ್ಟೆಲ್ಲ ಹೇಳ್ತೀಯಲ್ಲ, ನೀನು ನೋಡಿದೀಯಾ?’ ಅಂತ. ಎಲ್ರೂ ನಕ್ರು. ನಂಗೆ ನಿದ್ದೆ ಬರ್ಲಿಲ್ಲ ಸಾರ್. ಹನ್ನೊಂದು ವರ್ಷ ಹೇಳಿದ್ದು ನಿಜಾನೋ ಸುಳ್ಳೋ, ಒಂದ್ಸಲ ನೋಡ್ಬೇಕಿತ್ತು."

ದಫೇದಾರರು ಅದನ್ನು ಅವನ ಮಾತಲ್ಲೇ ಬರೆದು, ಓದಿ ಹೇಳಿ, ರುಜು ಹಾಕಿಸಿದರು. ಸೆಲ್ಲಿನ ಬಾಗಿಲು ಎಳೆಯುವಾಗ ಕೈಪಿಡಿ ಮೆಲ್ಲಗೆ ಕೇಳಿದ:

"ಸಾರ್, ಏರು ಹತ್ತಿದ್ದು ಬರ್ಕೊಂಡ್ರಾ?"

"ಬರ್ಕೊಂಡಿದೀನಿ," ಎಂದರು ದಫೇದಾರರು.